ರಿವರ್ಸ್ ಕ್ಯಾಮೆರಾ ಸ್ಕ್ರೀನ್ ದೋಷ: ರೀಕಾಲ್ ಅಂದ್ರೇನು, ನಿಮ್ಮ ಗಾಡಿ ಲಿಸ್ಟ್‌ನಲ್ಲಿದೆಯಾ ಅಂತ ತಿಳಿಯೋದು ಹೇಗೆ?

ತಾವರೆಕೆರೆ: ರಿವರ್ಸ್ ಗೇರ್ ಹಾಕಿದ ಕೂಡಲೇ ಡ್ಯಾಶ್‌ಬೋರ್ಡ್ ಸ್ಕ್ರೀನ್‌ನಲ್ಲಿ ಗಾಡಿಯ ಹಿಂದಿನ ಚಿತ್ರ ಬರುತ್ತೆ. ಅದನ್ನೇ ನೋಡ್ಕೊಂಡು ಅಂಗಡಿ ಮುಂದಿಂದ, ಮನೆ ಅಂಗಳದಿಂದ, ಕಣದಿಂದ ಗಾಡಿ ಹಿಂದಕ್ಕೆ ತೆಗೆಯೋದು ಈಗ ಎಲ್ಲರಿಗೂ ರೂಢಿಯಾಗಿದೆ. ಆದರೆ ಆ ಸ್ಕ್ರೀನ್ ಕಪ್ಪಾಗಿಬಿಟ್ಟರೆ ಅಥವಾ ಹಳೇ ಚಿತ್ರವನ್ನೇ ತೋರಿಸುತ್ತಾ ನಿಂತುಬಿಟ್ಟರೆ ಏನಾಗುತ್ತೆ? ಇದೇ ದೋಷಕ್ಕೆ ಜಗತ್ತಿನ ದೊಡ್ಡ ಕಂಪನಿಗಳು ಕಳೆದ ಕೆಲವು ವರ್ಷಗಳಲ್ಲಿ ಲಕ್ಷಗಟ್ಟಲೆ ಗಾಡಿಗಳನ್ನು ವಾಪಸ್ ಕರೆದು ಸರಿಮಾಡಿಕೊಟ್ಟಿವೆ. ಇದಕ್ಕೇ ‘ರೀಕಾಲ್’ ಅನ್ನೋದು.

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕಿನ ಗಾಡಿ ಮಾಲೀಕರು ಒಂದು ವಿಷಯ ಗಮನಿಸಬೇಕು. ರೀಕಾಲ್ ಆದಾಗ ಕಂಪನಿಯ ಫೋನು, ಮೆಸೇಜು, ಪತ್ರ ಹೋಗೋದು ಕಂಪನಿಯ ದಾಖಲೆಯಲ್ಲಿರುವ ಹೆಸರಿಗೆ ಮತ್ತು ನಂಬರಿಗೆ. ಬೆಂಗಳೂರಿನಿಂದಲೋ ತುಮಕೂರಿನಿಂದಲೋ ಸೆಕೆಂಡ್ ಹ್ಯಾಂಡ್ ತಂದ ಕಾರಾಗಿದ್ದರೆ ಆ ಫೋನು ಹಳೇ ಮಾಲೀಕರಿಗೆ ಹೋಗುತ್ತೆ. ಗಾಡಿ ಓಡಿಸೋರಿಗೆ ವಿಷಯವೇ ಗೊತ್ತಾಗಲ್ಲ. ಹಾಗಾಗಿ ಕಂಪನಿಯವರು ಕರೀಲಿ ಅಂತ ಕಾಯೋ ಬದಲು ಮಾಲೀಕರೇ ಚೆಕ್ ಮಾಡಿಸಿಕೊಳ್ಳೋದು ಒಳ್ಳೇದು. ಅದಕ್ಕೆ ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಹೇಗೆ ಅನ್ನೋದರ ಪೂರ್ಣ ಮಾಹಿತಿ ಇಲ್ಲಿದೆ.

ರೀಕಾಲ್ ಅಂದ್ರೇನು?

ಒಂದೇ ಮಾದರಿಯ, ಒಂದೇ ಅವಧಿಯಲ್ಲಿ ತಯಾರಾದ ಗಾಡಿಗಳಲ್ಲಿ ಒಂದೇ ತರದ ತಯಾರಿಕಾ ದೋಷ ಕಂಡುಬಂದು, ಅದರಿಂದ ಜನರ ಸುರಕ್ಷತೆಗೆ ತೊಂದರೆ ಅಂತ ಗೊತ್ತಾದಾಗ ಕಂಪನಿ ಅಷ್ಟೂ ಗಾಡಿಗಳನ್ನು ವರ್ಕ್‌ಶಾಪಿಗೆ ಕರೆಸಿ ಉಚಿತವಾಗಿ ಸರಿಮಾಡಿಕೊಡೋದೇ ರೀಕಾಲ್. ಗಾಡಿಯನ್ನು ಶಾಶ್ವತವಾಗಿ ಕಿತ್ತುಕೊಳ್ತಾರೆ ಅನ್ನೋ ಭಯ ಬೇಡ. ಹೆಚ್ಚಿನ ಸಲ ಒಂದು ಪಾರ್ಟ್ ಬದಲಾಯಿಸ್ತಾರೆ ಇಲ್ಲವೇ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಅದೇ ದಿನ ಗಾಡಿ ವಾಪಸ್ ಕೊಡ್ತಾರೆ.

ಇದು ವಾರಂಟಿಗಿಂತ ಬೇರೆ. ವಾರಂಟಿಗೆ ವರ್ಷ, ಕಿಲೋಮೀಟರಿನ ಮಿತಿ ಇರುತ್ತೆ, ನಿಮ್ಮ ಗಾಡಿ ಕೆಟ್ಟ ಮೇಲೆ ನೀವೇ ಹೋಗಿ ಕೇಳಬೇಕು. ರೀಕಾಲ್‌ನಲ್ಲಿ ಗಾಡಿ ಇನ್ನೂ ಕೆಡದೇ ಇದ್ದರೂ ಕರೀತಾರೆ. ಎಷ್ಟನೇ ಮಾಲೀಕರು ಅನ್ನೋದೂ ಮುಖ್ಯವಲ್ಲ, ಲೆಕ್ಕಕ್ಕೆ ಬರೋದು ಗಾಡಿಯ ಚಾಸಿ ನಂಬರ್ ಮಾತ್ರ.

ಕೆಲವು ಕಂಪನಿಗಳು ಇದನ್ನೇ ‘ಸರ್ವಿಸ್ ಕ್ಯಾಂಪೇನ್’ ಅನ್ನೋ ಹೆಸರಲ್ಲಿ ಮಾಡ್ತವೆ. ಆದ್ದರಿಂದ ವರ್ಕ್‌ಶಾಪಿನಲ್ಲಿ ಕೇಳುವಾಗ ‘ರೀಕಾಲ್ ಇದೆಯಾ’ ಅಂತ ಮಾತ್ರ ಕೇಳಬೇಡಿ. ‘ಈ ಚಾಸಿ ನಂಬರಿಗೆ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಏನಾದರೂ ಪೆಂಡಿಂಗ್ ಇದೆಯಾ’ ಅಂತ ಕೇಳಿ.

ಸ್ಕ್ರೀನ್ ಯಾಕೆ ಕೈಕೊಡುತ್ತೆ?

ರಿವರ್ಸ್ ಕ್ಯಾಮೆರಾ ವ್ಯವಸ್ಥೆಯಲ್ಲಿ ನಾಲ್ಕು ಭಾಗ ಇರ್ತವೆ: ಡಿಕ್ಕಿ ಬಾಗಿಲಿನಲ್ಲೋ ಬಂಪರ್ ಹತ್ತಿರವೋ ಇರುವ ಕ್ಯಾಮೆರಾ, ಅಲ್ಲಿಂದ ಮುಂದಕ್ಕೆ ಬರುವ ವೈರು, ಚಿತ್ರ ಸಿದ್ಧಮಾಡುವ ಕಂಟ್ರೋಲ್ ಯೂನಿಟ್, ಮತ್ತು ಮುಂದಿನ ಸ್ಕ್ರೀನ್. ನಾಲ್ಕರಲ್ಲಿ ಯಾವುದು ಕೆಟ್ಟರೂ ಚಾಲಕರಿಗೆ ಕಾಣೋದು ‘ಸ್ಕ್ರೀನ್ ಬರ್ತಿಲ್ಲ’ ಅಂತಲೇ.

* ವೈರು: ಡಿಕ್ಕಿ ಬಾಗಿಲು ತೆಗೆದು ಹಾಕಿದಾಗಲೆಲ್ಲ ಒಳಗಿನ ವೈರು ಮಡಚಿ ಬಿಚ್ಚುತ್ತೆ. ಸಾವಿರಾರು ಸಲ ಹೀಗಾದರೆ ಒಳಗಿನ ತಂತಿ ಸವೆದು ಕಡಿದುಹೋಗಬಹುದು.
* ನೀರು: ಕ್ಯಾಮೆರಾ ಒಳಗೆ ಅಥವಾ ಕನೆಕ್ಟರ್ ಒಳಗೆ ನೀರು ಸೇರಿದರೆ ಚಿತ್ರ ಮಸುಕಾಗುತ್ತೆ, ಕೊನೆಗೆ ನಿಂತೇಹೋಗುತ್ತೆ. ಪ್ರೆಶರ್ ಪಂಪಿನಲ್ಲಿ ವಾಟರ್ ಸರ್ವಿಸ್ ಮಾಡಿಸುವಾಗ ಕ್ಯಾಮೆರಾ ಮೇಲೆ ನೇರವಾಗಿ ನೀರು ಹೊಡೆಯದಿರೋದು ಒಳ್ಳೇದು.
* ಸಾಫ್ಟ್‌ವೇರ್: ಈಗಿನ ಸ್ಕ್ರೀನ್ ಅಂದ್ರೆ ಒಂದು ಸಣ್ಣ ಕಂಪ್ಯೂಟರ್. ಹಾಡು, ಮ್ಯಾಪು, ಫೋನು, ಕ್ಯಾಮೆರಾ ಎಲ್ಲ ಅದರಲ್ಲೇ. ಮೊಬೈಲ್ ಹ್ಯಾಂಗ್ ಆದ ಹಾಗೆ ಇದೂ ಹ್ಯಾಂಗ್ ಆಗುತ್ತೆ. ಆಗ ಚಿತ್ರ ತಡವಾಗಿ ಬರುತ್ತೆ, ನಿಂತುಹೋಗುತ್ತೆ ಅಥವಾ ಬರೋದೇ ಇಲ್ಲ.
* ಸರ್ಕ್ಯೂಟ್ ಬೋರ್ಡ್: ಸ್ಟಾರ್ಟ್ ಮಾಡುವ ಹೊತ್ತಿನ ವಿದ್ಯುತ್ ಏರಿಳಿತಕ್ಕೆ ಬೋರ್ಡ್ ಶಾರ್ಟ್ ಆಗುವುದೂ ಉಂಟು.

ಇವೆಲ್ಲ ತಯಾರಿಕೆಯಲ್ಲೇ ಇದ್ದ ದೋಷದಿಂದ ಆದರೆ ರೀಕಾಲ್‌ಗೆ ಬರ್ತವೆ. ಮಣ್ಣು ರಸ್ತೆಯ ಧೂಳು ಲೆನ್ಸ್ ಮೇಲೆ ಕೂತು ಚಿತ್ರ ಮಸುಕಾದರೆ, ಇಲಿ ವೈರು ಕಡಿದರೆ, ಹಿಂದಿನಿಂದ ಯಾರೋ ಗುದ್ದಿ ಕ್ಯಾಮೆರಾ ಒಡೆದರೆ ಅದು ರೀಕಾಲ್ ಆಗಲ್ಲ.

ಕಪ್ಪು ಸ್ಕ್ರೀನ್‌ಗಿಂತ ನಿಂತ ಚಿತ್ರವೇ ಅಪಾಯ

ಸ್ಕ್ರೀನ್ ಪೂರ್ತಿ ಕಪ್ಪಾದರೆ ಚಾಲಕರಿಗೆ ತಕ್ಷಣ ಗೊತ್ತಾಗುತ್ತೆ. ಕತ್ತು ತಿರುಗಿಸ್ತಾರೆ, ಮಿರರ್ ನೋಡ್ತಾರೆ, ಇಳಿದು ಹೋಗಿ ನೋಡ್ತಾರೆ. ಚಿತ್ರ ‘ಫ್ರೀಜ್’ ಆದಾಗ ಹಾಗಲ್ಲ. ಐದು ಸೆಕೆಂಡ್ ಹಿಂದಿನ ಖಾಲಿ ಅಂಗಳವನ್ನೇ ಸ್ಕ್ರೀನ್ ತೋರಿಸ್ತಾ ಇರುತ್ತೆ. ಅಷ್ಟರಲ್ಲಿ ಮಗು ಓಡಿಬಂದಿದ್ದರೂ, ಕುರಿ ಅಡ್ಡ ಬಂದಿದ್ದರೂ ಕಾಣಲ್ಲ. ಚಾಲಕರು ‘ಯಾರೂ ಇಲ್ಲ’ ಅಂತ ನಂಬಿ ಆಕ್ಸಿಲರೇಟರ್ ಒತ್ತಿಬಿಡ್ತಾರೆ.

ಇದನ್ನು ಪತ್ತೆ ಹಚ್ಚೋಕೆ ಸುಲಭದ ಪರೀಕ್ಷೆ ಇದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಮೇಲೆ ಕಾಲಿಟ್ಟು, ಕ್ಲಚ್ ಪೂರ್ತಿ ಒತ್ತಿ ಹಿಡಿದು ರಿವರ್ಸ್ ಗೇರ್ ಹಾಕಿ. ಮನೆಯವರೊಬ್ಬರು ಗಾಡಿಯ ಹಿಂದೆ ಬಾರದೆ, ಪಕ್ಕದಲ್ಲಿ ದೂರ ನಿಂತು ಒಂದು ಉದ್ದನೆ ಕೋಲನ್ನು ಕ್ಯಾಮೆರಾ ಮುಂದೆ ಆಡಿಸಲಿ. ಮೂರು ವಿಷಯ ನೋಡಿ:

1. ಗೇರ್ ಹಾಕಿ ಎರಡು ಸೆಕೆಂಡ್ ಒಳಗೆ ಚಿತ್ರ ಬಂತಾ?
2. ಕೋಲು ಆಡಿದ ಹಾಗೇ ಸ್ಕ್ರೀನ್‌ನಲ್ಲೂ ಆಡ್ತಿದೆಯಾ, ಇಲ್ಲ ತಡವಾಗಿ ಬರ್ತಿದೆಯಾ?
3. ಐದಾರು ಸಲ ಗೇರ್ ಹಾಕಿ ತೆಗೆದರೂ ಪ್ರತೀ ಸಲ ಬರ್ತಿದೆಯಾ?

ಒಂದು ಸಲ ತಪ್ಪಿದರೂ ದೋಷ ಇದೆ ಅಂತಲೇ ತಿಳಿಯಿರಿ. ಮೊಬೈಲಿನಲ್ಲಿ ಇದರ ವಿಡಿಯೋ ಮಾಡಿಟ್ಟುಕೊಳ್ಳಿ. ವರ್ಕ್‌ಶಾಪಿಗೆ ಹೋದಾಗ ಸ್ಕ್ರೀನ್ ಸರಿಯಾಗೇ ಬಂದುಬಿಟ್ಟರೆ ‘ಏನೂ ತೊಂದ್ರೆ ಇಲ್ವಲ್ಲ ಸಾರ್’ ಅನ್ನೋ ಮಾತಿಗೆ ಆ ವಿಡಿಯೋನೇ ಉತ್ತರ.

ಹೊರದೇಶಗಳಲ್ಲಿ ಏನಾಗಿದೆ?

ಅಮೆರಿಕದಲ್ಲಿ ರಿವರ್ಸ್ ಕ್ಯಾಮೆರಾ ಕಡ್ಡಾಯ. ಅದಕ್ಕೆ ಕಾರಣವಾಗಿದ್ದು ಒಂದು ದುರಂತ. 2002ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಎರಡು ವರ್ಷದ ಕ್ಯಾಮರಾನ್ ಗುಲ್‌ಬ್ರಾನ್ಸೆನ್ ಎಂಬ ಮಗು, ತಂದೆಯೇ ಮನೆ ಮುಂದೆ ರಿವರ್ಸ್ ತೆಗೆಯುತ್ತಿದ್ದ ಕಾರಿಗೆ ಸಿಕ್ಕಿ ತೀರಿಕೊಂಡಿತು. ಮಗು ಮಿರರ್‌ನಲ್ಲಿ ಕಾಣುವಷ್ಟು ಎತ್ತರವೇ ಇರಲಿಲ್ಲ. ಆ ಮಗುವಿನ ಹೆಸರಿನಲ್ಲೇ 2008ರಲ್ಲಿ ಕಾನೂನು ಬಂತು. 2018ರ ಮೇ 1ರಿಂದ ಅಲ್ಲಿ ಸುಮಾರು 4,500 ಕೆ.ಜಿ.ಗಿಂತ ಕಡಿಮೆ ತೂಕದ ಎಲ್ಲ ಹೊಸ ಗಾಡಿಗಳಿಗೂ ಕ್ಯಾಮೆರಾ ಕಡ್ಡಾಯವಾಯಿತು. ಗಾಡಿಯ ಹಿಂದೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ ಕಾಣಬೇಕು, ರಿವರ್ಸ್ ಹಾಕಿದ 2 ಸೆಕೆಂಡ್‌ನಲ್ಲಿ ಚಿತ್ರ ಬರಬೇಕು ಅನ್ನೋದು ಅಲ್ಲಿನ ನಿಯಮ. ಮೇಲೆ ಹೇಳಿದ ಎರಡು ಸೆಕೆಂಡ್ ಲೆಕ್ಕ ಅಲ್ಲಿಂದಲೇ ಬಂದಿದ್ದು.

ನಿಯಮ ತರುವಾಗ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆ ಕೊಟ್ಟ ಅಂದಾಜಿನ ಪ್ರಕಾರ, ಹಿಂದಕ್ಕೆ ಬರುವ ಗಾಡಿಗೆ ಸಿಕ್ಕಿ ವರ್ಷಕ್ಕೆ ಸುಮಾರು 210 ಜನ ಸಾಯುತ್ತಿದ್ದರು, 15,000 ಜನ ಗಾಯಗೊಳ್ಳುತ್ತಿದ್ದರು. ಸತ್ತವರಲ್ಲಿ ಶೇ 31ರಷ್ಟು ಐದು ವರ್ಷದೊಳಗಿನ ಮಕ್ಕಳು, ಶೇ 26ರಷ್ಟು 70 ದಾಟಿದ ಹಿರಿಯರು.

ಕ್ಯಾಮೆರಾ ಕಡ್ಡಾಯ ಆದ ಮೇಲೆ ಅದು ಕೆಟ್ಟರೆ ರೀಕಾಲ್ ಮಾಡಲೇಬೇಕು. ಹಾಗಾಗಿ ಅಲ್ಲಿ ಇಂಥ ರೀಕಾಲ್‌ಗಳು ಜಾಸ್ತಿ:

* ಟೆಸ್ಲಾ ಕಂಪನಿ 2021ರ ಡಿಸೆಂಬರ್‌ನಲ್ಲಿ 3,56,309 ಮಾಡೆಲ್ 3 ಕಾರುಗಳನ್ನು ಕರೆಸಿತು. ಡಿಕ್ಕಿ ಬಾಗಿಲು ತೆಗೆದು ಹಾಕಿ ಕ್ಯಾಮೆರಾ ವೈರು ಸವೆಯುತ್ತಿತ್ತು. 2025ರ ಜನವರಿಯಲ್ಲಿ ಸರ್ಕ್ಯೂಟ್ ಬೋರ್ಡ್ ಶಾರ್ಟ್ ಆಗುವ ದೋಷಕ್ಕೆ ಮತ್ತೆ 2,39,382 ಗಾಡಿಗಳನ್ನು ಸೇರಿಸಿತು.
* ಫೋರ್ಡ್ ಕಂಪನಿ ಕ್ಯಾಮೆರಾ ದೋಷ ಗೊತ್ತಿದ್ದೂ ಸಕಾಲಕ್ಕೆ ರೀಕಾಲ್ ಮಾಡಲಿಲ್ಲ ಅನ್ನೋ ಕಾರಣಕ್ಕೆ 2024ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ 16.5 ಕೋಟಿ ಡಾಲರ್ ದಂಡ ವಿಧಿಸಿತು. 2025ರ ಮೇನಲ್ಲಿ ಚಿತ್ರ ತಡವಾಗಿ ಬರುವ, ನಿಂತುಹೋಗುವ ಸಾಫ್ಟ್‌ವೇರ್ ದೋಷಕ್ಕೆ ಅದೇ ಕಂಪನಿ ಸುಮಾರು 11 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಿತು.
* ಟೊಯೊಟಾ ಕಂಪನಿ 2025ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದಲ್ಲಿ ಸುಮಾರು 10.24 ಲಕ್ಷ ಗಾಡಿಗಳನ್ನು ರೀಕಾಲ್ ಮಾಡಿತು. ರಿವರ್ಸ್ ಹಾಕಿದಾಗ ಸುತ್ತಲಿನ ಚಿತ್ರ ತೋರಿಸುವ ವ್ಯವಸ್ಥೆ ಫ್ರೀಜ್ ಆಗುವ ಅಥವಾ ಖಾಲಿ ಬರುವ ಸಾಧ್ಯತೆ ಇತ್ತು. ಪರಿಹಾರ ಸಾಫ್ಟ್‌ವೇರ್ ಅಪ್‌ಡೇಟ್.

ಇಂಥ ಸುದ್ದಿಗಳು ವಾಟ್ಸಾಪ್‌ನಲ್ಲಿ ‘ಈ ಕಂಪನಿ ಕಾರು ಇದ್ದವರು ಎಚ್ಚರ’ ಅಂತ ಓಡಾಡ್ತವೆ. ಆ ಸಂಖ್ಯೆಗಳು ಅಮೆರಿಕದಲ್ಲಿ ಮಾರಿದ ಗಾಡಿಗಳದ್ದು. ಬಿಡದಿಯಲ್ಲೇ ಟೊಯೊಟಾ ಕಾರ್ಖಾನೆ ಇರೋದು ನಿಜ. ಹಾಗಂತ ಅಲ್ಲಿ ತಯಾರಾದ ಎಲ್ಲ ಕಾರಿಗೂ ಆ ದೋಷ ಇದೆ ಅಂತ ಅರ್ಥವಲ್ಲ. ನಿಮ್ಮ ಗಾಡಿಗೆ ರೀಕಾಲ್ ಇದೆಯೋ ಇಲ್ಲವೋ ಅಂತ ಹೇಳೋದು ಅದರ ಚಾಸಿ ನಂಬರ್ ಒಂದೇ.

ನಮ್ಮ ದೇಶದ ಕಾನೂನು ಏನು ಹೇಳುತ್ತೆ?

ಭಾರತದಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ. ‘ಟೀಂ ಟೀಂ’ ಅಂತ ಸದ್ದು ಮಾಡೋದು ಅದೇ. ಅದರ ಜೊತೆಗೆ ಕ್ಯಾಮೆರಾ ಇರುತ್ತೋ ಇಲ್ಲವೋ ಅನ್ನೋದು ನೀವು ಕೊಂಡ ಮಾಡೆಲ್ ಮೇಲೆ ಹೋಗುತ್ತೆ.

ರೀಕಾಲ್ ವಿಷಯದಲ್ಲಿ ಮೊದಲು ಕಾನೂನಿನ ಒತ್ತಾಯ ಇರಲಿಲ್ಲ. ವಾಹನ ತಯಾರಕರ ಸಂಘವಾದ ಸಿಯಾಮ್ 2012ರ ಜುಲೈನಿಂದ ಸ್ವಯಂಪ್ರೇರಿತ ರೀಕಾಲ್ ಪದ್ಧತಿ ತಂದಿತ್ತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 110ಎ ಅನ್ನೋ ಹೊಸ ಕಲಂ ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಅದರ ಸಾರ ಇಷ್ಟು:

* ಗಾಡಿಯಲ್ಲಿರುವ ದೋಷದಿಂದ ಚಾಲಕರಿಗೆ, ಪ್ರಯಾಣಿಕರಿಗೆ, ರಸ್ತೆಯಲ್ಲಿರುವ ಬೇರೆಯವರಿಗೆ ಅಥವಾ ಪರಿಸರಕ್ಕೆ ಹಾನಿ ಆಗುವಂತಿದ್ದರೆ ರೀಕಾಲ್ ಮಾಡಿ ಅಂತ ಕೇಂದ್ರ ಸರ್ಕಾರ ಕಂಪನಿಗೆ ಆದೇಶ ಕೊಡಬಹುದು.
* ಕಂಪನಿ ಗಾಡಿ ರಿಪೇರಿ ಮಾಡಿಕೊಡಬೇಕು, ಇಲ್ಲವೇ ಬೇರೆ ಗಾಡಿ ಕೊಡಬೇಕು, ಇಲ್ಲವೇ ಹಣ ವಾಪಸ್ ಕೊಡಬೇಕು.
* ಸರ್ಕಾರವೇ ಆದೇಶ ಕೊಟ್ಟು ರೀಕಾಲ್ ಮಾಡಿಸಬೇಕಾಗಿ ಬಂದರೆ ಕಂಪನಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡ ಬೀಳುತ್ತೆ. ಕಂಪನಿ ತಾನಾಗಿಯೇ ದೋಷ ಒಪ್ಪಿ ರೀಕಾಲ್ ಮಾಡಿದರೆ ಈ ದಂಡ ಇಲ್ಲ.
* ಈ ನಿಯಮ ಏಳು ವರ್ಷಕ್ಕಿಂತ ಕಡಿಮೆ ವಯಸ್ಸಿನ ಗಾಡಿಗಳಿಗೆ ಅನ್ವಯ.
* ದೂರಿನ ಸಂಖ್ಯೆಗೆ ಒಂದು ಮಿತಿ ಇದೆ. ವರ್ಷಕ್ಕೆ 10,000ಕ್ಕಿಂತ ಹೆಚ್ಚು ಮಾರಾಟವಾಗುವ ಕಾರಿನ ಮಾದರಿಯಾದರೆ 1,250 ದೂರು ಬಂದಾಗ ಕಡ್ಡಾಯ ರೀಕಾಲ್ ಪ್ರಕ್ರಿಯೆ ಶುರುವಾಗುತ್ತೆ.

ಈ ಕೊನೇ ಅಂಶ ಮುಖ್ಯವಾದದ್ದು. ‘ನಮ್ಮೊಬ್ಬರ ದೂರಿಂದ ಏನಾಗುತ್ತೆ ಬಿಡು’ ಅಂತ ಸುಮ್ಮನಾದರೆ ಆ ಲೆಕ್ಕ ತುಂಬೋದೇ ಇಲ್ಲ.

ಇಲ್ಲಿ ನಡೆದ ರೀಕಾಲ್‌ಗಳು

ಡಿಸ್‌ಪ್ಲೇ ದೋಷಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಪಾವಗಡದ ಆಚೆ, ಆಂಧ್ರದ ಪೆನುಕೊಂಡದಲ್ಲಿ ಕಿಯಾ ಕಾರ್ಖಾನೆ ಇರೋದು ಈ ಭಾಗದವರಿಗೆಲ್ಲ ಗೊತ್ತು. ಅಲ್ಲಿ 2022ರ ಸೆಪ್ಟೆಂಬರ್‌ನಿಂದ 2023ರ ಫೆಬ್ರುವರಿ ಮಧ್ಯೆ ತಯಾರಾದ 30,297 ಕ್ಯಾರೆನ್ಸ್ ಕಾರುಗಳನ್ನು ಕಂಪನಿ 2023ರ ಜೂನ್‌ನಲ್ಲಿ ಸ್ವಯಂಪ್ರೇರಿತವಾಗಿ ರೀಕಾಲ್ ಮಾಡಿತು. ಅದು ರಿವರ್ಸ್ ಕ್ಯಾಮೆರಾ ಸ್ಕ್ರೀನ್ ಅಲ್ಲ, ಸ್ಟೀರಿಂಗ್ ಮುಂದೆ ಸ್ಪೀಡ್ ತೋರಿಸುವ ಡಿಜಿಟಲ್ ಮೀಟರ್. ಗಾಡಿ ಆನ್ ಮಾಡಿದಾಗ ಮೀಟರ್ ಸರಿಯಾಗಿ ಶುರುವಾಗದೆ ಖಾಲಿ ಬರುವ ಸಾಧ್ಯತೆ ಇತ್ತು. ಉಚಿತ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಅದನ್ನು ಸರಿಪಡಿಸುವ ಕೆಲಸ ಆಯಿತು.

ಮಾರುತಿ ಸುಜುಕಿ 2025ರ ನವೆಂಬರ್‌ನಲ್ಲಿ 39,506 ಗ್ರ್ಯಾಂಡ್ ವಿಟಾರಾ ಕಾರುಗಳನ್ನು ಕರೆಸಿತು. 2024ರ ಡಿಸೆಂಬರ್ 9ರಿಂದ 2025ರ ಏಪ್ರಿಲ್ 29ರ ಮಧ್ಯೆ ತಯಾರಾದ ಗಾಡಿಗಳವು. ಮೀಟರ್‌ನಲ್ಲಿ ಪೆಟ್ರೋಲ್ ಎಷ್ಟಿದೆ ಅನ್ನೋದನ್ನು ತಪ್ಪಾಗಿ ತೋರಿಸುವ ಸಾಧ್ಯತೆ ಅದರ ದೋಷ.

ಎರಡರಲ್ಲೂ ತಯಾರಿಕೆಯ ದಿನಾಂಕ ಗಮನಿಸಿ. ಏಪ್ರಿಲ್ 29ಕ್ಕೆ ತಯಾರಾದ ಗಾಡಿ ಲಿಸ್ಟಿನಲ್ಲಿದ್ದು, ಮೇನಲ್ಲಿ ತಯಾರಾದ ಅದೇ ಬಣ್ಣದ, ಅದೇ ಮಾಡೆಲಿನ ಪಕ್ಕದ ಮನೆಯವರ ಗಾಡಿ ಲಿಸ್ಟಿನಲ್ಲಿ ಇಲ್ಲದಿರಬಹುದು. ‘ಅವರಿಗೆ ಫೋನ್ ಬಂದಿಲ್ಲ, ನಮಗೂ ಇರಲ್ಲ’ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ.

ಬೈಕಿನವರಿಗೂ ರೀಕಾಲ್ ಇದೆ. ರಾಯಲ್ ಎನ್‌ಫೀಲ್ಡ್ 2021ರ ಮೇನಲ್ಲಿ ಇಗ್ನಿಷನ್ ಕಾಯಿಲ್ ದೋಷಕ್ಕೆ 2,36,966 ಬೈಕುಗಳನ್ನು ರೀಕಾಲ್ ಮಾಡಿತ್ತು.

ಸೆಕೆಂಡ್ ಹ್ಯಾಂಡ್ ಗಾಡಿಯವರು ಏನು ಮಾಡಬೇಕು?

ಮೊದಲನೇದಾಗಿ ಆರ್‌ಸಿ ನಿಮ್ಮ ಹೆಸರಿಗೆ ಆಗಿರಬೇಕು. ‘ಸೈನ್ ಮಾಡಿದ ಫಾರಂ ಇದೆಯಲ್ಲ, ಆಮೇಲೆ ಮಾಡಿಸಿದರಾಯ್ತು’ ಅಂತ ವರ್ಷಗಟ್ಟಲೆ ಬಿಡೋರು ಇದ್ದಾರೆ. ಫಾರಂ 29 ಮತ್ತು 30 ಕೊಟ್ಟು, ಕೊಂಡವರು 30 ದಿನದ ಒಳಗೆ ಮಾಲೀಕತ್ವ ಬದಲಾವಣೆಗೆ ಅರ್ಜಿ ಹಾಕಬೇಕು ಅಂತ ಕಾನೂನಿದೆ. ಕೆಎ 06 ಆದರೆ ತುಮಕೂರು, ಕೆಎ 64 ಆದರೆ ಮಧುಗಿರಿ ಆರ್‌ಟಿಒ ಕಚೇರಿಯ ನೋಂದಣಿ. ಆರ್‌ಸಿ ಬದಲಾಯಿಸುವಾಗಲೇ ಈಗ ಬಳಸುತ್ತಿರುವ ಮೊಬೈಲ್ ನಂಬರ್ ಕೊಡಿ.

ಎರಡನೇದು ಇನ್ನೂ ಮುಖ್ಯ. ಆರ್‌ಟಿಒದಲ್ಲಿ ಹೆಸರು ಬದಲಾದ ಮಾತ್ರಕ್ಕೆ ಕಂಪನಿ ದಾಖಲೆ ತಾನಾಗಿ ಬದಲಾಗುತ್ತೆ ಅಂದ್ಕೋಬೇಡಿ. ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅಥವಾ ಅಧಿಕೃತ ವರ್ಕ್‌ಶಾಪಿಗೆ ಹೋಗಿ ‘ಈ ಗಾಡಿ ಈಗ ನನ್ನ ಹೆಸರಲ್ಲಿದೆ, ನಂಬರ್ ಬದಲಾಯಿಸಿ’ ಅಂತ ಹೇಳಬೇಕು.

ಮೂರನೇದು, ಗಾಡಿ ಕೊಳ್ಳುವ ಮೊದಲೇ ರೀಕಾಲ್ ವಿಚಾರ ಕೇಳಬೇಕು. ಇಂಜಿನ್, ಟೈರು, ಇನ್ಶೂರೆನ್ಸ್ ನೋಡುವ ಹಾಗೆ ಚಾಸಿ ನಂಬರ್ ಇಟ್ಟುಕೊಂಡು ರೀಕಾಲ್ ಪೆಂಡಿಂಗ್ ಇದೆಯಾ ಅಂತ ನೋಡಿ. ಇದ್ದರೆ ಮಾರುವವರಿಂದಲೇ ಮಾಡಿಸಿಕೊಡಲು ಹೇಳಬಹುದು.

ಚೆಕ್ ಮಾಡುವ ಕ್ರಮ, ಹಂತ ಹಂತವಾಗಿ

1. ಆರ್‌ಸಿ ಕಾರ್ಡ್, ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್ ತೆಗೆದು ಚಾಸಿ ನಂಬರ್ ಬರೆದುಕೊಳ್ಳಿ. ಈಗಿನ ಕಾರುಗಳಲ್ಲಿ ಅಕ್ಷರ, ಅಂಕಿ ಸೇರಿ 17 ಇರ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಇರಲ್ಲ. ಹಾಗಾಗಿ ದುಂಡಗೆ ಕಾಣೋದು ಸೊನ್ನೆ, ನೆಟ್ಟಗೆ ಕಾಣೋದು ಒಂದು.
2. ಕಂಪನಿಯ ಅಧಿಕೃತ ವೆಬ್‌ಸೈಟ್‌ನಲ್ಲಿ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ವಿಭಾಗ ಇದ್ದರೆ ಅಲ್ಲಿ ನಂಬರ್ ಹಾಕಿ ನೋಡಿ.
3. ಇಂಟರ್ನೆಟ್ ಕಷ್ಟ ಅನ್ನೋರು ಅದೇ ಕಂಪನಿಯ ಅಧಿಕೃತ ವರ್ಕ್‌ಶಾಪಿಗೆ ಫೋನ್ ಮಾಡಿ ಚಾಸಿ ನಂಬರ್ ಹೇಳಿದರೂ ಸಾಕು.
4. ರೀಕಾಲ್ ಇದೆ ಅಂದ್ರೆ ಪಾರ್ಟ್ ಬಂದಿದೆಯಾ, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳಿ ದಿನ, ಸಮಯ ಗೊತ್ತುಮಾಡಿಕೊಂಡೇ ಹೊರಡಿ. ಪಾವಗಡದಿಂದ ತುಮಕೂರಿಗೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಅಷ್ಟು ದೂರ ಹೋಗಿ ‘ಪಾರ್ಟ್ ಬಂದಿಲ್ಲ, ಮುಂದಿನ ವಾರ ಬನ್ನಿ’ ಅನ್ನಿಸಿಕೊಳ್ಳೋದು ಬೇಡ.
5. ಕೊಂಡ ಶೋರೂಮಿಗೇ ಹೋಗಬೇಕು ಅಂತೇನಿಲ್ಲ. ಅದೇ ಕಂಪನಿಯ ಅಧಿಕೃತ ವರ್ಕ್‌ಶಾಪ್ ಹತ್ತಿರ ಎಲ್ಲಿದೆಯೋ ಅಲ್ಲಿ ವಿಚಾರಿಸಿ.
6. ಕೆಲಸ ಮುಗಿದ ಮೇಲೆ ಜಾಬ್ ಕಾರ್ಡ್ ಪ್ರತಿ ತಗೊಳ್ಳಿ. ಅದರಲ್ಲಿ ರೀಕಾಲ್ ಕೆಲಸ ಆಗಿದೆ ಅಂತ ಬರೆದಿರಬೇಕು, ಬಿಲ್ ಸೊನ್ನೆ ಇರಬೇಕು. ಜೊತೆಗೆ ಆಯಿಲ್ ಚೇಂಜು, ವಾಶಿಂಗು ಮಾಡಿಸಿದರೆ ಅದಕ್ಕೆ ಬೇರೆ ಬಿಲ್ ಬರುತ್ತೆ. ಎರಡನ್ನೂ ಒಂದೇ ಬಿಲ್ಲಿನಲ್ಲಿ ಸೇರಿಸಲು ಬಿಡಬೇಡಿ.

ಮೋಸದ ಫೋನ್ ಬಗ್ಗೆ ಎಚ್ಚರ: ‘ನಿಮ್ಮ ಗಾಡಿ ರೀಕಾಲ್ ಆಗಿದೆ, ಈ ಲಿಂಕ್ ಒತ್ತಿ, ಓಟಿಪಿ ಹೇಳಿ, ಬುಕಿಂಗಿಗೆ 99 ರೂಪಾಯಿ ಕಳಿಸಿ’ ಅಂತ ಯಾರಾದರೂ ಕೇಳಿದರೆ ಫೋನ್ ಇಟ್ಟುಬಿಡಿ. ರೀಕಾಲ್‌ಗೆ ದುಡ್ಡೂ ಬೇಡ, ಬ್ಯಾಂಕ್ ಓಟಿಪಿಯೂ ಬೇಡ. ಎಪಿಕೆ ಫೈಲ್ ಬಂದರೆ ತೆರೆಯಲೇಬೇಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹೊರಗಡೆ ಹಾಕಿಸಿದ ಕ್ಯಾಮೆರಾ ಆದರೆ?

ಪಿಕಪ್, ಟೆಂಪೊ, ಹಳೇ ಕಾರುಗಳಿಗೆ ಆಕ್ಸೆಸರಿ ಅಂಗಡಿಯಲ್ಲಿ ಕ್ಯಾಮೆರಾ, ಸ್ಕ್ರೀನ್ ಹಾಕಿಸಿಕೊಂಡವರು ಬಹಳ ಜನ. ಅದು ಗಾಡಿ ಕಂಪನಿಯ ರೀಕಾಲ್‌ಗೆ ಬರಲ್ಲ. ಅದಕ್ಕೆ ನಿಮ್ಮ ಹತ್ತಿರ ಇರುವ ಆಧಾರ ಅಂಗಡಿ ಬಿಲ್ಲು ಮತ್ತು ವಾರಂಟಿ ಕಾರ್ಡು ಮಾತ್ರ. ಬಿಲ್ ಇಲ್ಲದೆ ‘ಅಣ್ಣ, ನೂರು ರೂಪಾಯಿ ಕಮ್ಮಿ ಮಾಡ್ಕೊಳಿ’ ಅಂತ ಹಾಕಿಸಿಕೊಂಡರೆ ಆಮೇಲೆ ಕೇಳೋಕೆ ದಾರಿ ಇರಲ್ಲ.

ಕಂಪನಿ ಕೊಟ್ಟ ಸ್ಕ್ರೀನ್ ತೆಗೆದು ಬೇರೆ ದೊಡ್ಡ ಸ್ಕ್ರೀನ್ ಹಾಕಿಸಿದವರು ಇನ್ನೊಂದು ವಿಷಯ ತಿಳಿದಿರಿ. ಮೂಲ ವೈರಿಂಗ್ ಕತ್ತರಿಸಿ ಜೋಡಿಸಿದ್ದರೆ ವಾರಂಟಿ ಕೇಳಿದಾಗ ಕಂಪನಿ ತಕರಾರು ತೆಗೆಯಬಹುದು. ಹಳೇ ಸ್ಕ್ರೀನನ್ನು ಗುಜರಿಗೆ ಹಾಕದೆ ಮನೆಯಲ್ಲೇ ಇಟ್ಟುಕೊಳ್ಳಿ.

ಅಂಗಡಿ, ಗ್ಯಾರೇಜ್‌ನವರು ಗಮನಿಸಬೇಕಾದ್ದು

* ಕ್ಯಾಮೆರಾ, ಸ್ಕ್ರೀನ್ ಮಾರುವವರು ಬ್ರ್ಯಾಂಡ್, ಮಾಡೆಲ್, ಸೀರಿಯಲ್ ನಂಬರ್ ಬರೆದೇ ಬಿಲ್ ಕೊಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ವಸ್ತುವಿನಿಂದ ಆದ ಹಾನಿಗೆ ತಯಾರಕರ ಜೊತೆ ಕೆಲವು ಸಂದರ್ಭಗಳಲ್ಲಿ ಮಾರಿದವರೂ ಹೊಣೆ ಆಗ್ತಾರೆ. ತಯಾರಕರು ಯಾರು ಅಂತಲೇ ಗೊತ್ತಾಗದ ಮಾಲು ಮಾರಿದರೆ ಹೊಣೆ ಮಾರಿದವರ ತಲೆಗೇ ಬರಬಹುದು.
* ಗ್ಯಾರೇಜಿಗೆ ಬಂದ ಗಾಡಿಯಲ್ಲಿ ಕಂಪನಿ ಕ್ಯಾಮೆರಾ ಕೆಟ್ಟಿದ್ದರೆ, ಬಿಚ್ಚುವ ಮೊದಲು ‘ರೀಕಾಲ್ ಇದೆಯಾ ನೋಡ್ಕೊಂಡ್ ಬನ್ನಿ’ ಅಂತ ಒಂದು ಮಾತು ಹೇಳಿ. ಗಿರಾಕಿಗೆ ಸಾವಿರಾರು ರೂಪಾಯಿ ಉಳಿಯುತ್ತೆ, ನಿಮ್ಮ ಮೇಲೆ ನಂಬಿಕೆಯೂ ಬೆಳೆಯುತ್ತೆ.
* ಅಂಗಡಿ ಮುಂದೆ ಲೋಡು ಇಳಿಸುವ ಗಾಡಿ ರಿವರ್ಸ್ ಬರುವಾಗ ಗಿರಾಕಿಗಳು, ಮಕ್ಕಳು ಹಿಂದೆ ನಿಲ್ಲದಂತೆ ನೋಡಿಕೊಳ್ಳಿ. ಸಂತೆ ದಿನ ಇದನ್ನು ಇನ್ನೂ ಹೆಚ್ಚು ಗಮನಿಸಬೇಕು.
* ಬಾಡಿಗೆ ಗಾಡಿ, ಡೆಲಿವರಿ ಗಾಡಿ ಇಟ್ಟಿರುವವರು ಎಲ್ಲ ಗಾಡಿಯ ಚಾಸಿ ನಂಬರ್ ಒಂದು ಪುಸ್ತಕದಲ್ಲಿ ಬರೆದಿಟ್ಟು, ಇನ್ಶೂರೆನ್ಸ್ ಕಟ್ಟುವಾಗ ವರ್ಷಕ್ಕೊಮ್ಮೆ ರೀಕಾಲನ್ನೂ ಚೆಕ್ ಮಾಡಿಸಿ.

ಸರಿಹೋಗುವವರೆಗೆ ರಿವರ್ಸ್ ತೆಗೆಯೋದು ಹೇಗೆ?

ಪಾರ್ಟ್ ಬರೋಕೆ ಕೆಲವೊಮ್ಮೆ ವಾರಗಳೇ ಹಿಡಿಯುತ್ತೆ. ಅಲ್ಲಿವರೆಗೆ ಗಾಡಿ ನಿಲ್ಲಿಸೋಕೆ ಆಗಲ್ಲ. ಕ್ಯಾಮೆರಾ ಇಲ್ಲವೇ ಇಲ್ಲ ಅಂದುಕೊಂಡೇ ಓಡಿಸಿ.

* ಹತ್ತುವ ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದು ನೋಡಿ. ಮನೆ ಮುಂದೆ ಮಕ್ಕಳು ಆಡ್ತಿದ್ದರೆ ಅವರು ಎಲ್ಲಿದ್ದಾರೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಸ್ಟಾರ್ಟ್ ಮಾಡಿ. ಒಬ್ಬರು ಮಕ್ಕಳ ಕೈ ಹಿಡಿದು ನಿಲ್ಲಲಿ.
* ಎರಡೂ ಸೈಡ್ ಮಿರರ್, ಒಳಗಿನ ಮಿರರ್ ನೋಡಿ, ಕತ್ತನ್ನೂ ತಿರುಗಿಸಿ. ಗಾಡಿಯ ಹಿಂದೆ ತೀರಾ ಹತ್ತಿರ ಕೂತ ಮಗು ಯಾವ ಮಿರರ್‌ಗೂ ಕಾಣಲ್ಲ ಅನ್ನೋದು ನೆನಪಿರಲಿ.
* ‘ಬರ್ಲಿ ಬರ್ಲಿ, ಹೋಲ್ಡಾನ್’ ಅಂತ ಹೇಳೋ ಕ್ಲೀನರ್ ಪದ್ಧತಿಗೆ ಈಗಲೂ ಬೆಲೆ ಇದೆ. ಹೇಳುವವರು ಗಾಡಿಯ ನೇರ ಹಿಂದೆ ನಿಲ್ಲಬಾರದು, ಚಾಲಕರ ಮಿರರ್‌ನಲ್ಲಿ ಕಾಣುವ ಹಾಗೆ ಪಕ್ಕಕ್ಕೆ ನಿಲ್ಲಬೇಕು. ಅವರು ಕಾಣದಿದ್ದರೆ ಗಾಡಿ ನಿಲ್ಲಿಸಿ.
* ಹಾಡು ಬಂದ್ ಮಾಡಿ, ಕಿಟಕಿ ಗಾಜು ಇಳಿಸಿ. ಕೂಗಿದರೆ ಕೇಳಿಸಬೇಕು.
* ಆದಷ್ಟೂ ನಿಲ್ಲಿಸುವಾಗಲೇ ಗಾಡಿ ತಿರುಗಿಸಿ ಮುಖ ರಸ್ತೆ ಕಡೆಗೆ ಇಟ್ಟರೆ ಹೊರಡುವಾಗ ರಿವರ್ಸ್ ತೆಗೆಯೋ ಪ್ರಮೇಯವೇ ಇರಲ್ಲ.
* ತಾವರೆಕೆರೆಯಂತೆ ಹೆದ್ದಾರಿ ಪಕ್ಕದ ಊರುಗಳಲ್ಲಿ ತಿರುವು ಮಿಸ್ ಆಯ್ತು ಅಂತ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಗಾಡಿ ಹಿಂದಕ್ಕೆ ತೆಗೆಯಬೇಡಿ. ಮುಂದೆ ಹೋಗಿ ತಿರುಗಿಸಿಕೊಂಡೇ ಬನ್ನಿ.

ಸ್ಕ್ರೀನ್ ಕೆಟ್ಟಿತ್ತು ಅಂದ ಮಾತ್ರಕ್ಕೆ ಚಾಲಕರ ಹೊಣೆ ತಪ್ಪಿಹೋಗಲ್ಲ. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 106ರ ಪ್ರಕಾರ ಐದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ದೋಷ ಇದೆ ಅಂತ ಗೊತ್ತಿದ್ದೂ ಸರಿಮಾಡಿಸದೆ ಓಡಿಸಿದ್ದರೆ ಕೋರ್ಟಿನಲ್ಲಿ ಅದು ಚಾಲಕರ ವಿರುದ್ಧವೇ ನಿಲ್ಲಬಹುದು.

ಕಂಪನಿ ಕೇಳಿಸಿಕೊಳ್ಳದಿದ್ದರೆ ದೂರು ಎಲ್ಲಿ?

* ಮೊದಲು ಕಂಪನಿಯ ಕಸ್ಟಮರ್ ಕೇರ್‌ಗೆ ಬರವಣಿಗೆಯಲ್ಲಿ ಅಥವಾ ಇಮೇಲ್‌ನಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ಬಾಯಿಮಾತಿನ ದೂರಿಗೆ ಲೆಕ್ಕ ಇರಲ್ಲ.
* ಸುರಕ್ಷತಾ ದೋಷ ಅನ್ನಿಸಿದರೆ ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲ್‌ನ ರೀಕಾಲ್ ವಿಭಾಗದಲ್ಲಿ ದೂರು ದಾಖಲಿಸಿ. ಮೇಲೆ ಹೇಳಿದ 1,250ರ ಲೆಕ್ಕಕ್ಕೆ ಸೇರೋದು ಇಂಥ ದೂರುಗಳೇ.
* ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೂ ಮಾತಾಡಬಹುದು.
* ಅಲ್ಲೂ ಬಗೆಹರಿಯದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗ ಇದೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿನ ಪ್ರಕರಣ ಅಲ್ಲಿಗೇ ಹೋಗುತ್ತೆ. ಗಾಡಿ ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಶುಲ್ಕ 5 ಲಕ್ಷದವರೆಗೆ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ, 50 ಲಕ್ಷದವರೆಗೆ 1,000 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದ ಒಳಗೆ ಕೊಡಬೇಕು.

ದೂರಿಗೆ ಬೇಕಾದ ದಾಖಲೆ: ಆರ್‌ಸಿ ಪ್ರತಿ, ಗಾಡಿ ಕೊಂಡ ಬಿಲ್, ಹಿಂದಿನ ಜಾಬ್ ಕಾರ್ಡುಗಳು, ಕಂಪನಿಗೆ ಕೊಟ್ಟ ದೂರಿನ ಸಂಖ್ಯೆ, ಸ್ಕ್ರೀನ್ ಕೆಟ್ಟಿರುವ ವಿಡಿಯೋ.

ಪದೇ ಪದೇ ಕೇಳುವ ಪ್ರಶ್ನೆಗಳು

ರೀಕಾಲ್ ಆದ ಗಾಡಿಗೆ ಬೆಲೆ ಕಮ್ಮಿ ಆಗುತ್ತಾ? ಕೆಲಸ ಮಾಡಿಸಿದ ಜಾಬ್ ಕಾರ್ಡ್ ಇದ್ದರೆ ಚಿಂತೆ ಇಲ್ಲ. ಪೆಂಡಿಂಗ್ ಇಟ್ಟುಕೊಂಡು ಮಾರಲು ಹೋದರೆ ಕೊಳ್ಳುವವರು ಚೌಕಾಸಿ ಮಾಡ್ತಾರೆ.

ರೀಕಾಲ್‌ಗೆ ಮೊದಲೇ ದುಡ್ಡು ಕೊಟ್ಟು ಅದೇ ರಿಪೇರಿ ಮಾಡಿಸಿದ್ದೇವೆ, ವಾಪಸ್ ಬರುತ್ತಾ? ಬಿಲ್ ಇದ್ದರೆ ಕಂಪನಿಗೆ ಲಿಖಿತವಾಗಿ ಕೇಳಿ. ಕೊಡಲ್ಲ ಅಂದರೆ 1915 ಇದೆ.

ಸ್ಕ್ರೀನ್ ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತಲ್ಲ, ಸಾಲದಾ? ಆ ಕ್ಷಣಕ್ಕೆ ಸರಿಹೋಗಬಹುದು. ಮತ್ತೆ ಯಾವಾಗ ಕೈಕೊಡುತ್ತೆ ಅಂತ ಹೇಳೋಕಾಗಲ್ಲ. ವರ್ಕ್‌ಶಾಪಿನಲ್ಲಿ ತೋರಿಸಲೇಬೇಕು.

ಸೆನ್ಸರ್ ಸದ್ದು ಬರ್ತಿದೆ, ಕ್ಯಾಮೆರಾ ಮಾತ್ರ ಇಲ್ಲ. ನಡೆಯುತ್ತಾ? ಸೆನ್ಸರ್ ಸಹಾಯಕ್ಕಿದೆ, ಆದರೆ ತೀರಾ ತಗ್ಗಿನಲ್ಲಿರುವುದು, ಸಣ್ಣ ಕಂಬ, ಪಕ್ಕದಿಂದ ಓಡಿಬರುವುದು ಅದಕ್ಕೆ ಸಿಗದೇ ಹೋಗಬಹುದು. ಇಳಿದು ಒಂದು ಸುತ್ತು ನೋಡಿಯೇ ತೆಗೆಯಿರಿ.